ಸೊನ್ನೆ ಬೈಟ್ ಆಚೆ

ಬಸ್ಸಿನ ಚೀಟಿ, ಕೊರಿಯರ್ ಲಕೋಟೆ, ಮೊಬೈಲಿಗೆ ಬರುವ ಸಂದೇಶ, ಎಲ್ಲೇ ಆಗಲಿ, ನಮ್ಮ ಕಡೆಯ ಊರಿನ ಹೆಸರು ಅರ್ಧಕ್ಕೇ ನಿಂತಿದ್ದರೆ ನನಗೆ ಮುಂದಿನದನ್ನು ಓದುವ ಮನಸ್ಸಾಗುವುದಿಲ್ಲ. ಲಿಂಗಸುಗೂರು ‘ಲಿಂಗಸು’ ಆಗಿರುತ್ತದೆ. ದೇವದುರ್ಗ ‘ದೇವದು’ವಿಗೇ ಮುಗಿದು, ಮಿಕ್ಕ ಜಾಗದಲ್ಲಿ ಕಪ್ಪು ವಜ್ರದಾಕಾರವೊಂದು ಹೊಟ್ಟೆಯಲ್ಲಿ ಪ್ರಶ್ನೆ ಚಿಹ್ನೆ ಇಟ್ಟುಕೊಂಡು ಕೂತಿರುತ್ತದೆ. ಯಾಕೆಂದು ಕೇಳಿದರೆ ಬರುವ ಉತ್ತರ ಎಲ್ಲ ಕಡೆಯೂ ಒಂದೇ: “ಕನ್ನಡದಾಗ ಹಾಕಿದ್ರ ಹಂಗ ಆಗತೈತ್ರೀ, ಇಂಗ್ಲಿಷಿನಾಗ ಹಾಕ್ರಿ.” ಹೆಸರು ತುಂಡಾದದ್ದಕ್ಕಿಂತ ಈ ಮಾತು ಹೆಚ್ಚು ನೋಯಿಸುತ್ತದೆ. ತಪ್ಪು ಯಾವುದೋ ಪ್ರೋಗ್ರಾಮಿನೊಳಗೆ ಇರುತ್ತದೆ, ದೂರು ಮಾತ್ರ ಲಿಪಿಯ ಮೇಲೆ ಬಂದು ಬೀಳುತ್ತದೆ. ಹೀಗೆ ಬಿದ್ದ ಒಂದು ದೂರನ್ನು ಬುಡದವರೆಗೂ ಅಗೆದು ನೋಡುವ ಭಾಗ್ಯ ನನಗೆ ಸಿಕ್ಕಿದ್ದು ಹೈದರಾಬಾದಿನ ಅಮೀರ್‌ಪೇಟ್‌ನಲ್ಲಿ.

ರಾಯಚೂರು, ಕೊಪ್ಪಳ, ಯಾದಗಿರಿ, ಬೀದರ್ ಕಡೆಯವರಿಗೆ ಅಮೀರ್‌ಪೇಟ್ ಗೊತ್ತಿಲ್ಲದ ಊರೇನಲ್ಲ. ಡಿಗ್ರಿ ಮುಗಿಸಿದ ಹುಡುಗ ಮನೆಯಲ್ಲಿ ಕಾಣದಿದ್ದರೆ “ಅಂವ ಅಮೀರ್‌ಪೇಟಿಗೆ ಹೋಗ್ಯಾನ” ಎಂದರೆ ಸಾಕು, ಕೋರ್ಸ್ ಮಾಡಲು ಹೋಗಿದ್ದಾನೆ ಎಂದು ಓಣಿಯವರಿಗೆಲ್ಲ ತಿಳಿಯುತ್ತದೆ. ರಾಯಚೂರಿನಿಂದ ಬೆಂಗಳೂರಿಗೆ 400 ಕಿಲೋಮೀಟರಿಗೂ ಹೆಚ್ಚು ದಾರಿ. ಹೈದರಾಬಾದಿಗೆ ಹೆಚ್ಚುಕಡಿಮೆ ಅದರರ್ಧ. ದೂರದ ಲೆಕ್ಕ ಮಾತ್ರವೂ ಅಲ್ಲ. 1956ರ ನವೆಂಬರ್ 1ರವರೆಗೆ ರಾಯಚೂರು, ಕಲಬುರಗಿ, ಬೀದರ್ ಜಿಲ್ಲೆಗಳು ಹೈದರಾಬಾದ್ ರಾಜ್ಯದೊಳಗೇ ಇದ್ದವು. ನಮ್ಮಜ್ಜನ ಕಾಲದವರಿಗೆ ಕೋರ್ಟು, ಕಾಲೇಜು, ದೊಡ್ಡ ಆಸ್ಪತ್ರೆ ಎಂದರೆ ಹೈದರಾಬಾದೇ. ಕಾಚಿಗುಡದಲ್ಲಿ ನೃಪತುಂಗನ ಹೆಸರಿನ ಶಾಲೆ ಇರುವುದು ಆ ಸಂಬಂಧದಿಂದಲೇ. ಆಮೇಲಿನ ತಲೆಮಾರಿನ ನಾವು ಅದೇ ದಾರಿಯಲ್ಲಿ ಹೊರಟದ್ದು ಸಿ ಭಾಷೆಯನ್ನೂ ಜಾವಾವನ್ನೂ ಕಲಿಯಲು.

ಈಗ ಅಲ್ಲಿ ಮೆಟ್ರೊದ ಎರಡು ಮಾರ್ಗಗಳು ಒಂದರ ಮೇಲೊಂದು ಹಾದುಹೋಗುವ ದೊಡ್ಡ ನಿಲ್ದಾಣವಿದೆ. 2017ರ ನವೆಂಬರಿನಲ್ಲಿ ರೈಲು ಓಡಲು ಶುರುವಾಯಿತು. ಅದಕ್ಕೂ ಎಷ್ಟೋ ಮುಂಚೆ, ಇಪ್ಪತ್ತನೆಯ ಶತಮಾನ ಮುಗಿಯುತ್ತ ಬಂದು ವೈ2ಕೆ ಎಂಬ ಗಾಬರಿಯಿಂದ ಕೋಬಾಲ್ ಬಲ್ಲವರಿಗೆ ಬೇಡಿಕೆ ಹುಟ್ಟಿದಾಗಿನಿಂದಲೇ ಮೈತ್ರಿವನಂ ಕಟ್ಟಡದ ಸುತ್ತ ತರಬೇತಿ ಕೇಂದ್ರಗಳು ಬೆಳೆದವು. ಗೋಡೆ ಕಾಣದಷ್ಟು ಬೋರ್ಡುಗಳು: ಒರಾಕಲ್, ಡಾಟ್ ನೆಟ್, ಟೆಸ್ಟಿಂಗ್ ಟೂಲ್ಸ್, ಎಸ್‌ಎಪಿ, ಈಚೆಗೆ ಡೆವ್‌ಆಪ್ಸ್, ಡೇಟಾ ಸೈನ್ಸ್. ಬಸ್ಸಿಳಿದು ನಾಲ್ಕು ಹೆಜ್ಜೆ ನಡೆಯುವುದರೊಳಗೆ ಕೈತುಂಬ ಪಾಂಪ್ಲೆಟ್. ಮುಂಜಾನೆ ಏಳಕ್ಕೇ ಬ್ಯಾಚ್. ಸಂದಿಯೊಳಗಿನ ಜೆರಾಕ್ಸ್ ಅಂಗಡಿಗಳಲ್ಲಿ ಸ್ಪೈರಲ್ ಹಾಕಿದ ರನ್ನಿಂಗ್ ನೋಟ್ಸ್. ಯಾವುದೋ ಬ್ಯಾಚಿನ ಯಾರದೋ ದುಂಡನೆಯ ಕೈಬರಹ, ಅದನ್ನು ಓದಿಕೊಂಡು ಸಾವಿರಾರು ಮಂದಿ ಇಂಟರ್‌ವ್ಯೂಗೆ ಹೋದರು. ಎಸ್.ಆರ್. ನಗರದ ಹಾಸ್ಟೆಲ್ಲುಗಳಲ್ಲಿ ಒಂದು ಕೋಣೆಗೆ ನಾಲ್ಕೈದು ಮಂಚ. ಹತ್ತಿರದಲ್ಲೇ ಬಲ್ಕಂಪೇಟೆಯ ಎಲ್ಲಮ್ಮನ ಗುಡಿ. ದೇವಿ ನೆಲಮಟ್ಟಕ್ಕಿಂತ ಕೆಳಗೆ ನೆಲೆಸಿದ್ದಾಳೆ. ಸವದತ್ತಿಯ ಎಲ್ಲಮ್ಮನಿಗೆ ನಡೆದುಕೊಳ್ಳುವ ಮನೆತನದ ಹುಡುಗರು ಅಲ್ಲಿ ಕೈಮುಗಿದು ಇಂಟರ್‌ವ್ಯೂಗೆ ಹೊರಡುವುದನ್ನು ನಾನು ನೋಡಿದ್ದೇನೆ.

ನಮಗೆ ‘ಸಿ ಮತ್ತು ಡೇಟಾ ಸ್ಟ್ರಕ್ಚರ್ಸ್’ ಹೇಳಿಕೊಟ್ಟ ಸಾರ್ ತೆಲುಗಿನಲ್ಲಿ ಶುರುಮಾಡಿ ಇಂಗ್ಲಿಷಿಗೆ ಹಾರಿ, ಹಿಂದಿನ ಸಾಲಿನ ನಮ್ಮಂಥವರಿಗಾಗಿ ನಡುನಡುವೆ ಹೈದರಾಬಾದಿ ಉರ್ದುವಿಗೂ ಬರುತ್ತಿದ್ದರು. ಯಾರಾದರೂ ಪ್ರೋಗ್ರಾಮ್ ಓಡುತ್ತಿಲ್ಲ ಎಂದು ಕಾರಣ ಊಹಿಸತೊಡಗಿದರೆ ಅವರದೊಂದೇ ಮಾತು: “ಲೋಪಲ ಏಮುಂದೋ ಚೂಡು, ಬಾಬು.” ಒಳಗೇನಿದೆಯೋ ನೋಡು. ಊಹೆಯನ್ನು ಅವರು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು, ಒಂದೊಂದೇ ಸಾಲು ನಡೆಸುತ್ತ, ಯಾವ ಹೆಸರಿನಲ್ಲಿ ಯಾವ ಬೆಲೆ ಕೂತಿದೆ ಎಂದು ನಮ್ಮಿಂದಲೇ ಗಟ್ಟಿಯಾಗಿ ಓದಿಸುತ್ತಿದ್ದರು.

ಆಗ ನಮ್ಮ ಕೈಗೆ ಇದ್ದದ್ದು ಟರ್ಬೊ ಸಿ, ಆ ನೀಲಿ ಪರದೆ. ಬೋರ್ಲಾಂಡ್ ಕಂಪನಿ ಅದನ್ನು ಹೊರತಂದದ್ದು 1987ರಲ್ಲಿ. ನಮ್ಮ ಕಾಲೇಜುಗಳಲ್ಲಿ ಅದು ಆಮೇಲೂ ದಶಕಗಳ ಕಾಲ ಉಳಿಯಿತು. ಎಫ್7 ಒತ್ತಿದರೆ ಫಂಕ್ಷನ್ನಿನ ಒಳಗೆ ಇಳಿಯುತ್ತದೆ, ಎಫ್8 ಒತ್ತಿದರೆ ಮೇಲಿಂದಲೇ ದಾಟುತ್ತದೆ. ಕೆಳಗಿನ ಕಿಟಕಿಯಲ್ಲಿ ಬೇಕಾದ ಬೆಲೆಯನ್ನು ಕಾವಲಿಗಿಟ್ಟು ನೋಡುತ್ತಿರಬಹುದು. ಡಿಬಗ್ಗರ್ ಎಂಬುದರ ಮೊದಲ ಪರಿಚಯ ನನಗಾದದ್ದು ಆ ಎರಡು ಕೀಲಿಗಳಿಂದ. ಆದರೆ ಅದು ಡಾಸ್ ಕಾಲದ ಲೋಕ. ಪ್ರೋಗ್ರಾಮ್ ತನ್ನದಲ್ಲದ ಜಾಗದಲ್ಲಿ ಬರೆದರೂ ತಡೆಯುವವರು ಯಾರೂ ಇರಲಿಲ್ಲ. ಕೊನೆಗೆ ಕೆಲವೊಮ್ಮೆ ‘ನಲ್ ಪಾಯಿಂಟರ್ ಅಸೈನ್‌ಮೆಂಟ್’ ಎಂಬ ಒಂದು ಸಾಲು ಮಾತ್ರ ಬರುತ್ತಿತ್ತು. ಅದು ಹೇಗೆ ಬರುತ್ತದೆಂದು ಸಾರ್ ಹೇಳಿದ ದಿನ ಇಡೀ ಬ್ಯಾಚ್ ಬೆರಗಾಗಿತ್ತು. ಸಣ್ಣ ಮೆಮೊರಿ ಮಾಡೆಲ್‌ಗಳಲ್ಲಿ ಬೋರ್ಲಾಂಡಿನವರು ಡೇಟಾ ಸೆಗ್ಮೆಂಟಿನ ತಲೆಯಲ್ಲೇ ತಮ್ಮ ಕಾಪಿರೈಟ್ ಸಾಲನ್ನು ಇಟ್ಟಿರುತ್ತಾರೆ. ಸೊನ್ನೆಯ ವಿಳಾಸಕ್ಕೆ ಬರೆದವನು ಆ ಜಾಗವನ್ನು ಕೆಡಿಸುತ್ತಾನೆ. ಪ್ರೋಗ್ರಾಮ್ ಮುಗಿಯುವಾಗ ಅದು ಕೆಟ್ಟಿದೆಯೋ ಇಲ್ಲವೋ ಎಂದು ಪರೀಕ್ಷಿಸಿ, ಕೆಟ್ಟಿದ್ದರೆ ಆ ಎಚ್ಚರಿಕೆಯನ್ನು ಕೊಡುತ್ತದೆ. ಯಾರು ಕೆಡಿಸಿದರು, ಯಾವಾಗ ಕೆಡಿಸಿದರು ಎಂಬುದನ್ನು ಅದು ಹೇಳುವುದಿಲ್ಲ. ಕೆಟ್ಟದ್ದು ಒಂದು ಗಳಿಗೆಯಲ್ಲಿ, ಗೊತ್ತಾಗುವುದು ಇನ್ನೊಂದು ಗಳಿಗೆಯಲ್ಲಿ. ಮೆಮೊರಿಯ ತಪ್ಪುಗಳ ಸ್ವಭಾವವೆಲ್ಲ ಆ ಒಂದು ಸಾಲಿನಲ್ಲಿತ್ತು.

ಅದೇ ಸಾರ್ ಮ್ಯಾಕ್ರೊ ಹೇಳಿಕೊಟ್ಟದ್ದೂ ನೆನಪಿದೆ. ವರ್ಗ ಮಾಡುವ ಮ್ಯಾಕ್ರೊ ಒಂದನ್ನು ಬೋರ್ಡಿನ ಮೇಲೆ ಬರೆದರು: ಕೊಟ್ಟದ್ದನ್ನು ಕೊಟ್ಟದ್ದರಿಂದ ಗುಣಿಸು, ಅಷ್ಟೇ. “ಇದಕ್ಕೆ 2 + 3 ಕೊಟ್ಟರೆ?” ಎಂದರು. ಎಲ್ಲರೂ ಒಟ್ಟಿಗೆ “25 ಸಾರ್”. ಉತ್ತರ 11. ಮ್ಯಾಕ್ರೊ ಲೆಕ್ಕ ಮಾಡುವುದಿಲ್ಲ, ಬರೆದ ಅಕ್ಷರಗಳನ್ನು ಹಾಗೆಹಾಗೇ ತಂದು ಕೂರಿಸುತ್ತದೆ: 2 + 3 × 2 + 3. ಗುಣಾಕಾರ ಮೊದಲು, ಸಂಕಲನ ಆಮೇಲೆ. ನಡುವಿನ 3 × 2 ಆರಾಗಿ ಒಟ್ಟು 11. ಕಂಪೈಲರ್ ಬರುವ ಮುಂಚೆಯೇ ಪ್ರಿಪ್ರೊಸೆಸರ್ ಬಂದು ಈ ಕೆಲಸ ಮುಗಿಸಿ ಹೋಗಿರುತ್ತದೆ. ನಾವು ಓದುವುದು ಒಂದು ಪ್ರೋಗ್ರಾಮ್, ಕಂಪೈಲರ್ ಓದುವುದು ಇನ್ನೊಂದು. ಎರಡರ ನಡುವೆ ಎಷ್ಟು ಅಂತರವಿದೆ ಎಂಬುದು ಕಣ್ಣಿಗೆ ಬೀಳುವುದಿಲ್ಲ.

ಕೆಲಸ ಸಿಕ್ಕ ಮೇಲೂ ನಾನು ಹೈದರಾಬಾದ್ ಬಿಡಲಿಲ್ಲ. ಬಿಡುವಿದ್ದ ಭಾನುವಾರಗಳಲ್ಲಿ ಅಮೀರ್‌ಪೇಟ್‌ಗೆ ಹೋಗಿ ಲ್ಯಾಬಿನಲ್ಲಿ ಹುಡುಗರ ಪಕ್ಕ ಕೂರುವುದು ನನಗೆ ಇಷ್ಟದ ಕೆಲಸ. ಅಷ್ಟರಲ್ಲಿ ನೀಲಿ ಪರದೆ ಹೋಗಿ ಲಿನಕ್ಸ್ ಬಂದಿತ್ತು. ಮೆಟ್ರೊ ಶುರುವಾದ ಮಾರನೆಯ ವರ್ಷವಿರಬೇಕು, ಮಾನ್ವಿಯ ಹುಡುಗನೊಬ್ಬ ಒಂದು ಪ್ರೋಗ್ರಾಮ್ ತೋರಿಸಲು ಬಂದ. ರಾಯಚೂರು ಜಿಲ್ಲೆಯ ಬಸ್ ನಿಲ್ದಾಣಗಳ ಪಟ್ಟಿ. ಯಾವ ಊರಿಂದ ಯಾವ ಊರಿಗೆ ಎಷ್ಟು ಹೊತ್ತಿಗೆ ಬಸ್ಸು ಎಂದು ಹೇಳುವಂಥದು. ಬ್ಯಾಚಿನ ಉಳಿದವರೆಲ್ಲ ವಿದ್ಯಾರ್ಥಿಗಳ ಅಂಕಪಟ್ಟಿ ಮಾಡುತ್ತಿದ್ದಾಗ ಇವನಿಗೆ ಈ ಆಸೆ ಹುಟ್ಟಿತ್ತು. ಹೆಸರುಗಳನ್ನೆಲ್ಲ ಕನ್ನಡದಲ್ಲೇ ಹಾಕಿದ್ದ. “ನಮ್ಮವ್ವ ಓದಬೇಕಲ್ರೀ ಅಣ್ಣ, ಆಕಿಗಿ ಇಂಗ್ಲಿಷ್ ಬರಂಗಿಲ್ಲ” ಎಂದ.

ಪಟ್ಟಿಯಲ್ಲಿ ಐದು ಊರು: ಮಸ್ಕಿ, ಮಾನ್ವಿ, ರಾಯಚೂರು, ಸಿಂಧನೂರು, ಸಿರವಾರ. ಪ್ರೋಗ್ರಾಮ್ ಹೆಸರುಗಳನ್ನು ಓದಿಕೊಳ್ಳುತ್ತಿತ್ತು, ತೋರಿಸುತ್ತಿತ್ತು. ಕೊನೆಯಲ್ಲಿ ತೆಗೆದುಕೊಂಡ ಮೆಮೊರಿಯನ್ನು ಹಿಂದಿರುಗಿಸುವಾಗ, ಸಿರವಾರದ ಸರದಿ ಬಂದಾಗ, ‘ಇನ್‌ವ್ಯಾಲಿಡ್ ಪಾಯಿಂಟರ್’ ಎಂದು ಕೂಗಿ ಬಿದ್ದುಬಿಡುತ್ತಿತ್ತು. ಸಿರವಾರವನ್ನು ತೆಗೆದು ಬೇರೆ ಊರು ಹಾಕಿದರೂ ಬೀಳುತ್ತಿತ್ತು. ಅದೇ ಪಟ್ಟಿಯನ್ನು ಇಂಗ್ಲಿಷಿನಲ್ಲಿ ಬರೆದರೆ ಸೊಗಸಾಗಿ ಓಡುತ್ತಿತ್ತು. ಹಾಸ್ಟೆಲ್ಲಿನ ಗೆಳೆಯರು ತೀರ್ಪು ಕೊಟ್ಟಾಗಿತ್ತು: ಕನ್ನಡ ಹಾಕಿದ್ದೇ ತಪ್ಪು, ಇಂಗ್ಲಿಷಿಗೆ ಬದಲಾಯಿಸು, ಸುಮ್ಮನೆ ಯಾಕೆ ಒದ್ದಾಡುತ್ತೀ. ಹುಡುಗನ ಮುಖ ಸಪ್ಪಗಾಗಿತ್ತು. ಅವ್ವನಿಗಾಗಿ ಮಾಡಿದ್ದನ್ನು ಅವ್ವ ಓದಲಾಗದ ಲಿಪಿಗೆ ತಿರುಗಿಸು ಎಂದರೆ ಅದು ಪರಿಹಾರವೇ? ನನಗೂ ಸಂಕಟವಾಯಿತು. ಕೌಂಟರಿನ ಆಚೆಯಿಂದ ಕೇಳಿ ಕೇಳಿ ಬೇಸತ್ತ ಮಾತನ್ನೇ ಇಲ್ಲಿ ಕಲಿಯುವ ಹುಡುಗರೂ ಹೇಳುತ್ತಿದ್ದರು.

ಸಾರ್ ಹೇಳಿದಂತೆ ಒಳಗೇನಿದೆಯೋ ನೋಡೋಣವೆಂದು ಜಿಡಿಬಿ ತೆರೆದೆವು. ರಿಚರ್ಡ್ ಸ್ಟಾಲ್‌ಮನ್ ಗ್ನೂ ಯೋಜನೆಗಾಗಿ 1986ರಲ್ಲಿ ಬರೆದ ಡಿಬಗ್ಗರ್ ಅದು. ಅಂದಿನಿಂದ ನೂರಾರು ಕೈಗಳಲ್ಲಿ ಬೆಳೆದು ಇಂದಿಗೂ ಕೆಲಸ ಮಾಡುತ್ತಿದೆ. ಬಣ್ಣವಿಲ್ಲ, ಗುಂಡಿಗಳಿಲ್ಲ, ನಾವು ಕೇಳಬೇಕು, ಅದು ಹೇಳಬೇಕು. ಹೆಸರಿಗೆಂದು ಜಾಗ ಕೇಳುವ ಸಾಲಿನಲ್ಲಿ ನಿಲ್ಲಿಸಿದೆವು. ಅಲ್ಲಿ ‘ನೇಮ್‌ಲೆನ್’ ಎಂಬ ಮ್ಯಾಕ್ರೊದ ಎರಡರಷ್ಟು ಜಾಗ ಬೇಕೆಂದು ಬರೆದಿತ್ತು. ಆ ಮ್ಯಾಕ್ರೊ ಮುಂಚಿನ ಬ್ಯಾಚಿನವರು ಬಿಟ್ಟುಹೋದ ಹೆಡರ್ ಫೈಲಿನದು. ಇಂಗ್ಲಿಷಿನ ಹದಿನಾರು ಅಕ್ಷರ, ಕೊನೆಗೊಂದು ಸೊನ್ನೆ. ಕನ್ನಡಕ್ಕೆ ಹೆಚ್ಚು ಜಾಗ ಹಿಡಿಯುತ್ತದೆಂದು ಹುಡುಗ ತಿಳಿದುಕೊಂಡಿದ್ದ. ಅದಕ್ಕೇ ದುಪ್ಪಟ್ಟು ಕೇಳಿದ್ದ. 17ರ ಎರಡರಷ್ಟು ಎಂದರೆ 34. ಪಟ್ಟಿಯ ಯಾವ ಊರಿಗೂ ಅಷ್ಟು ಬೇಕಿಲ್ಲ.

ನೇಮ್‌ಲೆನ್ ಎಷ್ಟು ಎಂದು ಜಿಡಿಬಿಯನ್ನು ಕೇಳಿದೆವು. ಆ ಹೆಸರಿನ ಸಂಕೇತವೇ ಇಲ್ಲಿಲ್ಲ ಎಂದಿತು. ಹುಡುಗ ಪರದೆಯ ಮೇಲೆ ಬೆರಳಿಟ್ಟು “ಇಲ್ಲೇ ಬರದೈತಲ್ರೀ ಅಣ್ಣ!” ಎಂದ. ಬರೆದಿದೆ, ನಿಜ, ಆದರೆ ಪ್ರಿಪ್ರೊಸೆಸರ್ ಆ ಹೆಸರನ್ನು ಅಳಿಸಿ ಅದರ ಅರ್ಥವನ್ನು ಕೂರಿಸಿ ಹೋಗಿದೆ. ಕಂಪೈಲರಿಗೇ ಕಾಣದ ಹೆಸರು ಡಿಬಗ್ಗರಿಗೆ ಎಲ್ಲಿಂದ ಕಾಣಬೇಕು? ಇದಕ್ಕೊಂದು ದಾರಿಯಿದೆ. ಜಿಸಿಸಿ ಕಂಪೈಲರಿಗೆ ಸಾಮಾನ್ಯವಾಗಿ ಕೊಡುವ ‘ಮೈನಸ್ ಜಿ’ಯ ಬದಲು ‘ಮೈನಸ್ ಜಿ3’ ಎಂದು ಕೊಟ್ಟು ಕಂಪೈಲ್ ಮಾಡಿದರೆ, ಯಾವ ಮ್ಯಾಕ್ರೊ ಯಾವ ಫೈಲಿನ ಯಾವ ಸಾಲಿನಲ್ಲಿ ಹುಟ್ಟಿತು, ಅದರ ಮೈಯಲ್ಲಿ ಏನಿದೆ ಎಂಬುದೆಲ್ಲ ಡಿಬಗ್ ಮಾಹಿತಿಯೊಳಗೆ ಸೇರಿಕೊಳ್ಳುತ್ತದೆ. ಇದನ್ನು ಬಲ್ಲವರು ಅನುಭವಿಗಳಲ್ಲೂ ಕಡಿಮೆ. ಯಾಕೆ ಎಲ್ಲ ಕೋರ್ಸುಗಳಲ್ಲೂ ಮೊದಲ ವಾರವೇ ಹೇಳಿಕೊಡುವುದಿಲ್ಲವೋ ಎಂದು ನನಗೆ ಆಗಾಗ ಅನ್ನಿಸುತ್ತದೆ. ಹಾಗೆ ಕಂಪೈಲ್ ಮಾಡಿ ಮತ್ತೆ ಅದೇ ಸಾಲಿನಲ್ಲಿ ನಿಂತು ‘ಮ್ಯಾಕ್ರೊ ಎಕ್ಸ್‌ಪ್ಯಾಂಡ್’ ಎಂದು ಕೇಳಿದಾಗ ಉತ್ತರ ಬಂತು: 16+1*2.

ಹುಡುಗ ಒಂದು ಕ್ಷಣ ಅದನ್ನೇ ನೋಡಿ, “ಅಯ್ಯ, 18!” ಎಂದ. ಕಂಸವಿಲ್ಲ. ಹೆಡರಿನಲ್ಲಿ 16+1 ಎಂದು ಬರೆದವರು ಅದನ್ನು ಕಂಸದೊಳಗೆ ಹಾಕಿರಲಿಲ್ಲ. ಎರಡು ಹೋಗಿ ಒಂದನ್ನು ಮಾತ್ರ ಗುಣಿಸಿತ್ತು. 34 ಕೇಳಿದವನಿಗೆ ಸಿಕ್ಕಿದ್ದು 18.

ಒಂದು ಹೆಸರಿನ ಹಿಂದೆ ಏನಿದೆ ಎಂಬುದು ಹೀಗೆ ತೆರೆದುಕೊಂಡಾಗ ನನಗೆ ಮಸ್ಕಿ ನೆನಪಾಯಿತು, ಪಟ್ಟಿಯ ಮೊದಲನೆಯ ಊರು. ದೇಶದ ಉದ್ದಗಲಕ್ಕೂ ಬಂಡೆಗಳ ಮೇಲೆ ‘ದೇವಾನಾಂಪ್ರಿಯ’ ಎಂಬ ಬಿರುದು ಕೊರೆದಿತ್ತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದ ಮೇಲೆ, ಸಿಂಹಳದ ಗ್ರಂಥಗಳ ನೆರವಿನಿಂದ ವಿದ್ವಾಂಸರು ಆ ಬಿರುದು ಅಶೋಕನದೇ ಎಂದು ತರ್ಕಿಸಿದರು. ಆದರೆ ಬಂಡೆಯೇ ಅದನ್ನು ಹೇಳಬೇಕಲ್ಲ? 1915ರಲ್ಲಿ ಚಿನ್ನ ಹುಡುಕುತ್ತ ಬಂದ ಗಣಿ ಎಂಜಿನಿಯರ್ ಬೀಡನ್‌ಗೆ ಮಸ್ಕಿಯ ಶಾಸನ ಕಂಡಿತು. ಅದರಲ್ಲಿ ದೇವಾನಾಂಪ್ರಿಯನ ಪಕ್ಕದಲ್ಲೇ ಅಶೋಕ ಎಂಬ ಹೆಸರೂ ಇತ್ತು. ಬಿರುದು ಬಿಡಿಸಿಕೊಂಡು ಒಳಗಿದ್ದ ಹೆಸರು ಹೊರಬಂದದ್ದು ನಮ್ಮ ಜಿಲ್ಲೆಯ ಕಲ್ಲಿನಲ್ಲಿ. ನಿಟ್ಟೂರು, ಉದೇಗೊಳದ ಶಾಸನಗಳಲ್ಲೂ ಆ ಹೆಸರು ಸಿಕ್ಕಿದ್ದು ಆಮೇಲೆ. ಹುಡುಗನಿಗೆ ಇದನ್ನು ಹೇಳಿದಾಗ ಅವನು ಮಸ್ಕಿಗೆ ಎಷ್ಟೋ ಸಲ ಹೋಗಿಯೂ ಆ ಗುಡ್ಡ ಹತ್ತಿರಲಿಲ್ಲವೆಂದೂ ಈ ಸಲ ಹತ್ತುವೆನೆಂದೂ ಹೇಳಿದ.

ಆದರೆ ನಮ್ಮ ಮುಂದಿದ್ದ ಒಗಟು ಅರ್ಧ ಮಾತ್ರ ಬಿಡಿಸಿತ್ತು. 18 ಬೈಟಿನ ಜಾಗದಲ್ಲಿ ಮೊದಲ ಮೂರು ಊರುಗಳು ಹೇಗೆ ಹಿಡಿಸಿದವು? ಬಿದ್ದದ್ದು ಸಿರವಾರದಲ್ಲೇ ಯಾಕೆ? ಕಾಗದ ತೆಗೆದುಕೊಂಡು ಎಣಿಸಿದೆವು. ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್. ಮೂಲಾಕ್ಷರ ಒಂದು, ಗುಣಿತದ ಚಿಹ್ನೆ ಒಂದು, ಒತ್ತಕ್ಷರ ಕಟ್ಟುವ ವಿರಾಮ ಒಂದು, ಅನುಸ್ವಾರ ಒಂದು. 1991ರ ಇಸ್ಕಿ ಮಾನಕದಲ್ಲಿ ಇವೆಲ್ಲ ಒಂದೊಂದೇ ಬೈಟಿನವು. ಆದರೆ ಅದರಲ್ಲಿ ಭಾರತದ ಹತ್ತು ಲಿಪಿಗಳು ಒಂದೇ ಸಂಖ್ಯೆಗಳನ್ನು ಹಂಚಿಕೊಳ್ಳಬೇಕಿತ್ತು. ಯುಟಿಎಫ್-8ರಲ್ಲಿ ಕನ್ನಡಕ್ಕೆ ತನ್ನದೇ ಸಂಖ್ಯೆಗಳಿವೆ, ಜಗತ್ತಿನ ಬೇರೆ ಯಾವ ಲಿಪಿಯ ಪಕ್ಕದಲ್ಲಿ ಬೇಕಾದರೂ ಕೂರಬಹುದು. 1992ರ ಸೆಪ್ಟೆಂಬರಿನಲ್ಲಿ ನ್ಯೂಜೆರ್ಸಿಯ ಒಂದು ಹೋಟೆಲಿನ ಊಟದ ಮೇಜಿನ ಮೇಲೆ, ತಟ್ಟೆಯ ಕೆಳಗೆ ಹಾಸುವ ಕಾಗದದಲ್ಲಿ ಕೆನ್ ಥಾಂಪ್ಸನ್ ಅದರ ವಿನ್ಯಾಸ ಬರೆದರಂತೆ. ಎದುರಿಗೆ ಕೂತಿದ್ದ ರಾಬ್ ಪೈಕ್ ಇದನ್ನು ದಾಖಲಿಸಿದ್ದಾರೆ. ಮೂರು ಬೈಟ್ ಎಂಬುದು ಆ ಸ್ಥಾನಕ್ಕೆ ತೆರುವ ಬೆಲೆ, ನನ್ನ ಮಟ್ಟಿಗೆ ಅದು ದುಬಾರಿಯಲ್ಲ.

ಮಸ್ಕಿ: ಐದು ಚಿಹ್ನೆ, ಹದಿನೈದು ಬೈಟ್, ಹೆಸರು ಮುಗಿಯಿತೆಂದು ಹೇಳುವ ಸೊನ್ನೆ ಸೇರಿ 16. ಹಿಡಿಸುತ್ತದೆ. ಮಾನ್ವಿ: ಆರು ಚಿಹ್ನೆ, ಸೊನ್ನೆ ಸೇರಿ 19. ಒಂದು ಹೆಚ್ಚು! ರಾಯಚೂರು: ಏಳು ಚಿಹ್ನೆ, 22. ಸಿಂಧನೂರು: ಎಂಟು ಚಿಹ್ನೆ, 25. ಸಿರವಾರ: ಆರು, 19. ಹಾಗಾದರೆ ಮಾನ್ವಿಯಲ್ಲೇ ಬೀಳಬೇಕಿತ್ತು. ಬೀಳಲಿಲ್ಲ, ಯಾಕೆಂದರೆ ಮೆಮೊರಿ ಹಂಚುವ ವ್ಯವಸ್ಥೆ ಕೇಳಿದಷ್ಟನ್ನೇ ತೂಗಿ ಕೊಡುವುದಿಲ್ಲ. 64 ಬಿಟ್ಟಿನ ಲಿನಕ್ಸಿನಲ್ಲಿ ಅದು ತನ್ನ ಲೆಕ್ಕಕ್ಕೆಂದು ಎಂಟು ಬೈಟ್ ಸೇರಿಸಿಕೊಂಡು ಒಟ್ಟು ಮೊತ್ತವನ್ನು ಹದಿನಾರರ ಮಡಿಗೆ ಏರಿಸುತ್ತದೆ. 18ಕ್ಕೆ 8 ಸೇರಿ 26, ಅದು 32ಕ್ಕೆ ಏರುತ್ತದೆ. ನಮ್ಮ ಬಳಕೆಗೆ 24 ಉಳಿಯುತ್ತದೆ. ಸಂತೆಯಲ್ಲಿ ಕಾಯಿಪಲ್ಲೆಯವಳು ಸೇರಿಗೆ ಮೇಲೆ ಹಾಕುವ ಕೊಸರಿನ ಹಾಗೆ ಆರು ಬೈಟ್ ಹೆಚ್ಚಿಗೆ ಬಂದಿತ್ತು. ಮಾನ್ವಿ, ರಾಯಚೂರು ಎರಡೂ ಆ ಕೊಸರಿನಲ್ಲಿ ಸದ್ದಿಲ್ಲದೆ ಬದುಕಿದ್ದವು.

ಸಿಂಧನೂರಿನ ಅಕ್ಷರಗಳು ಸರಿಯಾಗಿ 24 ಬೈಟ್. ಹೆಸರೆಲ್ಲ ಹಿಡಿಸಿತು, ಕೊನೆಯ ಸೊನ್ನೆಗೆ ಮಾತ್ರ ಜಾಗವಿಲ್ಲ. ಅದು ಹೋಗಿ ಬಿದ್ದದ್ದು ಪಕ್ಕದ ಮನೆಯಲ್ಲಿ. ಪಕ್ಕದ ಮನೆ ಎಂದರೆ ಸಿರವಾರಕ್ಕೆಂದು ಮೊದಲೇ ತೆಗೆದಿಟ್ಟ ತುಂಡು. ಅದರ ಹೊಸ್ತಿಲಲ್ಲೇ ಆ ತುಂಡಿನ ಅಳತೆ ಬರೆದಿರುತ್ತದೆ. ಇದೂ ಊಹೆಯಾಗಿ ಉಳಿಯಬಾರದೆಂದು ಜಿಡಿಬಿಗೆ ಆ ವಿಳಾಸವನ್ನು ಕಾಯಲು ಹೇಳಿದೆವು. ಜಿಡಿಬಿಯೊಳಗೆ ಓಡಿಸಿದಾಗ ವಿಳಾಸಗಳು ಪ್ರತಿ ಸಲವೂ ಅವೇ ಇರುತ್ತವೆ, ಹಾಗಾಗಿ ಒಮ್ಮೆ ಗುರುತಿಸಿಕೊಂಡ ಜಾಗವನ್ನು ಮುಂದಿನ ಓಟದಲ್ಲೂ ಕಾಯಬಹುದು. ಈ ಕಾವಲು ಬರೀ ತಂತ್ರಾಂಶದ ಕೆಲಸವಲ್ಲ. ಇಂಟೆಲ್‌ನ ಪ್ರೊಸೆಸರುಗಳಲ್ಲಿ, 1985ರ 386ರ ಕಾಲದಿಂದ, ವಿಳಾಸ ಕಾಯಲೆಂದೇ ನಾಲ್ಕು ರಿಜಿಸ್ಟರುಗಳಿವೆ. ಯಾರಾದರೂ ಅಲ್ಲಿ ಬರೆದ ಕೂಡಲೇ ಯಂತ್ರವೇ ಪ್ರೋಗ್ರಾಮನ್ನು ನಿಲ್ಲಿಸುತ್ತದೆ. ಓಡಿಸಿದೆವು. ಮಸ್ಕಿ ದಾಟಿತು, ಮಾನ್ವಿ ದಾಟಿತು, ರಾಯಚೂರು ದಾಟಿತು. ಸಿಂಧನೂರನ್ನು ನಕಲು ಮಾಡುವ ಸಾಲಿನಲ್ಲಿ ನಿಂತಿತು. ಹಳೆಯ ಬೆಲೆ 33, ಹೊಸ ಬೆಲೆ 0.

33 ಎಂದರೆ 32ರ ಅಳತೆ, ಜೊತೆಗೆ ಹಿಂದಿನ ತುಂಡು ಬಳಕೆಯಲ್ಲಿದೆ ಎಂದು ಹೇಳುವ ಒಂದು ಬಿಟ್. ಸಿಂಧನೂರಿನ ಕೊನೆಯ ಸೊನ್ನೆ ಅದನ್ನು ಅಳಿಸಿಹಾಕಿತ್ತು. ಆಮೇಲೆ ಎಲ್ಲ ಹೆಸರುಗಳೂ ಪರದೆಯ ಮೇಲೆ ಚೆನ್ನಾಗಿಯೇ ಕಾಣುತ್ತವೆ. ಹಿಂದಿರುಗಿಸುವ ಹೊತ್ತಿಗೆ ಸಿಂಧನೂರೂ ಆರಾಮಾಗಿ ಹಿಂದಿರುಗುತ್ತದೆ. ಅದರ ಸ್ವಂತ ಅಳತೆಗೆ ಏನೂ ಆಗಿಲ್ಲವಲ್ಲ. ಸಿರವಾರದ ಸರದಿ ಬಂದಾಗ ಅಳತೆ ಸೊನ್ನೆ ಎಂದು ಕಂಡು ವ್ಯವಸ್ಥೆ ಕೈಚೆಲ್ಲುತ್ತದೆ. ಹುಡುಗರು ಅಷ್ಟು ಹೊತ್ತು ಸಿರವಾರವನ್ನು ಕಿತ್ತುಹಾಕಿ, ಮತ್ತೆ ಹಾಕಿ, ಅಕ್ಷರ ತಿದ್ದಿ ನೋಡಿದ್ದರು. ಅದು ಅಲ್ಲಿ ನಿಂತದ್ದೇ ಅದರ ಅಪರಾಧವಾಗಿತ್ತು. ಅದಕ್ಕಿಂತ ಒಂದು ಹೆಜ್ಜೆ ಹಿಂದೆ ಹೋದರೆ ಸಿಂಧನೂರಿನದೂ ತಪ್ಪಿಲ್ಲ. ಇಡೀ ಕನ್ನಡದ ಮೇಲೆ ಹೊರಿಸಿದ್ದ ದೂರು ಕೊನೆಗೆ ಬಂದು ನಿಂತದ್ದು ಹೆಡರ್ ಫೈಲಿನಲ್ಲಿ ಬರೆಯದೆ ಬಿಟ್ಟ ಎರಡು ಕಂಸಗಳ ಹತ್ತಿರ. ನನಗೆ ಆ ಗಳಿಗೆಯಲ್ಲಿ ಆದ ಸಂತೋಷವನ್ನು ಹೇಗೆ ಹೇಳಲಿ? ತುಂಡಾದ ಹೆಸರುಗಳನ್ನು ಕಂಡಾಗಲೆಲ್ಲ ಗಂಟಲಲ್ಲೇ ಉಳಿದಿದ್ದ ಒಂದು ಉತ್ತರ, ಯಂತ್ರದ ಬಾಯಿಂದಲೇ ಬಂದಂತಾಯಿತು.

ಹುಡುಗನಿಗೆ ಇನ್ನೊಂದನ್ನೂ ತೋರಿಸುವ ಆಸೆಯಾಯಿತು. ಮೆಮೊರಿಯಲ್ಲಿ ಅವನೂರು ಹೇಗೆ ಕಾಣುತ್ತದೆ ಎಂದು. ಬೈಟ್‌ಗಳನ್ನು ಹದಿನಾರರ ಲೆಕ್ಕದಲ್ಲಿ ತೋರಿಸಲು ಕೇಳಿದೆವು. ಇ0 ಬಿ2 ಎಇ, ಇದು ಮಾನ್ವಿಯ ಮ. ಮತ್ತೆ ಇ0, ಮತ್ತೆ ಇ0. ಕನ್ನಡದ ಪ್ರತಿ ಚಿಹ್ನೆಯೂ ಇ0ಯಿಂದ ಶುರುವಾಗುತ್ತದೆ, ಅದರ ಬೆನ್ನಿಗೆ ಬಿ2 ಅಥವಾ ಬಿ3. ಒಮ್ಮೆ ಗುರುತು ಹಿಡಿದರೆ ಸಾಕು, ಯಾವ ಮೆಮೊರಿಯ ಕಾಡಿನಲ್ಲೂ ಕನ್ನಡ ಎಲ್ಲಿ ಕೂತಿದೆಯೆಂದು ಕಣ್ಣಿಗೆ ಬೀಳುತ್ತದೆ. ಅವನು ಕುರ್ಚಿ ಮುಂದಕ್ಕೆಳೆದು ಒಂದೊಂದೇ ಮೂರರ ಗುಂಪನ್ನು ಓದುತ್ತ “ಇದು ದೀರ್ಘ, ಇದು ನ, ಇದು ಒತ್ತಿಂದು” ಎಂದು ಹೇಳತೊಡಗಿದ. ಅಕ್ಷರಾಭ್ಯಾಸವನ್ನು ಎರಡನೆಯ ಸಲ ಮಾಡುವವರ ಮುಖದಲ್ಲಿ ಒಂದು ಬೆಳಕಿರುತ್ತದೆ.

ಕೊಸರಿನಲ್ಲಿ ಬದುಕಿದ್ದ ಮಾನ್ವಿಯ ಲೆಕ್ಕವನ್ನು ಜಿಡಿಬಿ ತಾನಾಗಿ ಹೇಳಿರಲಿಲ್ಲ. ಅದಕ್ಕೆ ವ್ಯಾಲ್‌ಗ್ರಿಂಡ್ ಬೇಕು. ಜೂಲಿಯನ್ ಸೀವರ್ಡ್ 2002ರಲ್ಲಿ ಹೊರತಂದ ಉಪಕರಣ. ಕಡತ ಕುಗ್ಗಿಸುವ ಬಿಜಿಪ್2 ಬರೆದವರೂ ಅವರೇ. ಅದು ಪ್ರೋಗ್ರಾಮಿನ ಒಂದೊಂದು ಓದು-ಬರಹವನ್ನೂ ತಾನೇ ಪರೀಕ್ಷಿಸಿ ಮುಂದೆ ಬಿಡುತ್ತದೆ. ಹಾಗಾಗಿ ಓಟ ಇಪ್ಪತ್ತು ಮೂವತ್ತು ಪಟ್ಟು ನಿಧಾನವಾಗುತ್ತದೆ. ಪುಟ್ಟ ಪಟ್ಟಿಗೆ ಅದೇನು ಲೆಕ್ಕವಲ್ಲ. ಹಳೆಯ ಪ್ರೋಗ್ರಾಮನ್ನೇ ಅದರ ಕೆಳಗೆ ಓಡಿಸಿದಾಗ ಅದು ಸಿಂಧನೂರಿನವರೆಗೆ ಕಾಯಲಿಲ್ಲ. ಮಾನ್ವಿಯಲ್ಲೇ ತಡೆದು ಹೇಳಿತು: ಒಂದು ಬೈಟಿನ ಅಕ್ರಮ ಬರಹ, 18 ಬೈಟಿನ ತುಂಡು ಮುಗಿದು ಸೊನ್ನೆ ಬೈಟ್ ಆಚೆ. ಸೊನ್ನೆ ಬೈಟ್ ಆಚೆ ಎಂದರೆ ಗಡಿಗೆ ತಗುಲಿಕೊಂಡ ಮೊದಲ ಬೈಟ್. ಜಾಗ ಕೇಳಿದ್ದು ಯಾವ ಸಾಲಿನಲ್ಲಿ, ಬರೆದದ್ದು ಯಾವ ಸಾಲಿನಲ್ಲಿ ಎಂಬ ಎರಡು ವಿಳಾಸಗಳನ್ನೂ ಕೊಟ್ಟಿತು. ಬಿದ್ದ ಮೇಲೆ ಹುಡುಕುವ ಬದಲು ಗಡಿ ದಾಟಿದ ಗಳಿಗೆಯಲ್ಲೇ ಕೈಹಿಡಿದು ತೋರಿಸುವ ಇಂಥ ಉಪಕರಣಗಳನ್ನು ಬರೆದು ಎಲ್ಲರಿಗೂ ಬಿಟ್ಟುಕೊಟ್ಟವರ ಬಗ್ಗೆ ನನಗೆ ತುಂಬು ಗೌರವವಿದೆ.

ಹೆಡರಿನಲ್ಲಿ ಎರಡು ಕಂಸ ಬಿದ್ದವು. ಮತ್ತೆ ಎಕ್ಸ್‌ಪ್ಯಾಂಡ್ ಮಾಡಿಸಿದಾಗ (16+1)*2. 34. ಐದೂ ಊರುಗಳು ನೆಟ್ಟಗೆ ಬಂದು ನೆಟ್ಟಗೆ ಹಿಂದಿರುಗಿದವು. ಲಿಂಗಸುಗೂರನ್ನೂ ಸೇರಿಸಿ ನೋಡಿದೆವು: ಹತ್ತು ಚಿಹ್ನೆ, 31, ಮೂರು ಬೈಟ್ ಉಳಿಯಿತು. ಹಾಸ್ಟೆಲ್ಲಿನ ಗೆಳೆಯರು ಬಂದು ಬೆನ್ನು ತಟ್ಟಿದರು. ನಾನು ಚಹಾಕ್ಕೆ ಏಳೋಣವೆಂದೆ. ಹುಡುಗ ಏಳಲಿಲ್ಲ, ಬೆರಳುಗಳ ಮೇಲೆ ಏನನ್ನೋ ಎಣಿಸುತ್ತಿದ್ದ.

“ಅಣ್ಣ, ಹಗರಿಬೊಮ್ಮನಹಳ್ಳಿ?”

ಅದು ನಿಮ್ಮ ಜಿಲ್ಲೆಯದಲ್ಲವಲ್ಲೋ ಎಂದೆ.

“ಹೌದ್ರೀ. ಆದ್ರ ನಮ್ಮಕ್ಕನ್ನ ಅಲ್ಲಿಗಿ ಕೊಟ್ಟೀವಿ. ಅವ್ವ ಹೋಗಿ ಬರ್ತಿರ್ತಾಳ.” ಮತ್ತೆ ಎಣಿಸಿ ಖಚಿತ ಮಾಡಿಕೊಂಡ. “ಹದಿನೈದು ಚಿಹ್ನೆ. ನಲವತ್ತೈದು, ಮ್ಯಾಲೊಂದು ಸೊನ್ನೆ. 46 ಬೇಕು.”

ದುಪ್ಪಟ್ಟನ್ನು ಮೂರು ಪಟ್ಟು ಮಾಡಬಹುದಿತ್ತು. ಆಗ 51 ಸಿಗುತ್ತಿತ್ತು. ಅವನು ಹಾಗೆ ಮಾಡಲಿಲ್ಲ. ಹೆಡರ್ ಫೈಲನ್ನೇ ತೆರೆದು ನೇಮ್‌ಲೆನ್ ಸಾಲನ್ನು ಅಳಿಸಿದ. ಜಾಗ ಕೇಳುವ ಕಡೆ, ಬಂದ ಹೆಸರನ್ನು ಮೊದಲು ಅಳೆದು ಅದಕ್ಕೆ ಒಂದು ಸೇರಿಸಿ ಕೇಳುವಂತೆ ಬರೆದ. ವ್ಯಾಲ್‌ಗ್ರಿಂಡಿನ ಕೆಳಗೆ ಓಡಿಸಿದಾಗ ಸೊನ್ನೆ ತಪ್ಪು ಎಂದು ಬಂತು, ತೆಗೆದುಕೊಂಡ ಮೆಮೊರಿಯೆಲ್ಲ ಹಿಂದಕ್ಕೆ ಬಂದಿದೆ ಎಂದೂ ಬಂತು. ಅವನು ಫೋನ್ ತೆಗೆದು ಅಕ್ಕನಿಗೆ ಹಚ್ಚಿ, ಮಾನ್ವಿಯಿಂದ ಅವರೂರಿಗೆ ಹೋಗುವ ದಾರಿಯಲ್ಲಿ ಬಸ್ಸು ಎಲ್ಲೆಲ್ಲಿ ನಿಲ್ಲುತ್ತದೆ ಎಂದು ಕೇಳಿ, ಒಂದೊಂದೇ ಹೆಸರನ್ನು ಟೈಪ್ ಮಾಡಲು ಕೂತ.